ಹಳೆಯ ಶಾಲಾಕಟ್ಟಡಗಳೂ ನಮ್ಮ ಹೊಣೆಯೂ

ಕಲಿಸುವವರೂ ಕಲಿಯುವವರೂ ಕೂಡಿದರೆ ಮರದ ನೆರಳೂ ಶಾಲೆಯೇ ಎಂದು ಹಿರಿಯರು ಹೇಳುವುದುಂಟು. ಮಾತು ಸತ್ಯವೇ. ಆದರೆ ಆ ಸತ್ಯವನ್ನು ನೆವಮಾಡಿಕೊಂಡು, ಹಳೆಯ ಶಾಲಾಕಟ್ಟಡವು ಉಳಿದರೇನು, ಉರುಳಿದರೇನು ಎಂದು ಸುಮ್ಮನಿರುವುದು ಯುಕ್ತವಲ್ಲವೆಂದು ನಮಗೆ ತೋರುತ್ತದೆ. ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದತಕ್ಕ ಈ ಸಂಚಿಕೆಯಲ್ಲಿ, ಮೈಸೂರು ನಗರದ ಸಾರ್ವಜನಿಕ ವಿದ್ಯಾಶಾಲೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೈಸೂರಿನಲ್ಲಿ ಸಾರ್ವಜನಿಕ ವಿದ್ಯಾಭ್ಯಾಸದ ಮೊದಲು ಅರಮನೆಯ ಆಶ್ರಯದಲ್ಲಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1833ರಲ್ಲಿ, ಶುಲ್ಕವಿಲ್ಲದ ಇಂಗ್ಲಿಷ್ ಪಾಠಶಾಲೆಯೊಂದು ಪ್ರಾರಂಭವಾಯಿತು. ಅದೇ ಮುಂದೆ ಬೆಳೆದು ಮಹಾರಾಜಾ ಕಾಲೇಜಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದಕ್ಕಾಗಿ ಕಟ್ಟಿದ ಭವ್ಯ ಮಂದಿರದಲ್ಲಿ ಇಂದಿಗೂ ಪಾಠಪ್ರವಚನ ನಡೆಯುತ್ತಿದೆ. 1918ರಿಂದ 1921ರವರೆಗೆ ಡಾಕ್ಟರ್ ರಾಧಾಕೃಷ್ಣನ್ನರು ತತ್ತ್ವಶಾಸ್ತ್ರವನ್ನು ಬೋಧಿಸಿದುದು ಇದೇ ಕಾಲೇಜಿನಲ್ಲಿ. ಕುವೆಂಪು ಅವರು ಓದಿದುದೂ ಬಳಿಕ ಪಾಠಹೇಳಿದುದೂ ಇಲ್ಲಿಯೇ.

ಬಾಲಿಕೆಯರ ಸರದಿಯು ತಡವಾಗಿ ಬಂದಿತು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದಲೂ ಅರಮನೆಯ ಪ್ರೋತ್ಸಾಹದಿಂದಲೂ ಮಹಾರಾಣಿ ಬಾಲಿಕಾ ಪಾಠಶಾಲೆಯು ಹುಟ್ಟಿತು. ಹೆಣ್ಣುಮಕ್ಕಳು ಹೊಸ್ತಿಲು ದಾಟಿ ಅಕ್ಷರ ಕಲಿಯುವುದನ್ನೇ ಸಂಶಯದಿಂದ ನೋಡುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಭದ್ರವಾದ ಗೋಡೆಯೂ, ಒಳ್ಳೆಯ ಅಂಗಳವೂ, ಮರ್ಯಾದೆಯುಳ್ಳ ಬಾಗಿಲೂ ತಾಯಿತಂದೆಗಳಿಗೆ ಎಷ್ಟು ಧೈರ್ಯ ಕೊಟ್ಟಿರಬೇಕೆಂಬುದನ್ನು ಹೆಣ್ಣುಮಕ್ಕಳ ಹೈಸ್ಕೂಲಿನ ಓದುಗರಿಗೆ ವಿವರಿಸಬೇಕಾದುದಿಲ್ಲ. 1890ರ ದಶಕದಲ್ಲಿ ರವೀಂದ್ರನಾಥ ಠಾಕೂರರ ಸೋದರಸೊಸೆಯಾದ ಸರಳಾದೇವಿಯವರು ದೂರದ ಕಲಕತ್ತೆಯಿಂದ ಬಂದು ಈ ಶಾಲೆಯಲ್ಲಿ ಕೆಲಸಮಾಡಿದರು. ಇದು ನಮ್ಮ ನಾಡಿನ ಸ್ತ್ರೀವಿದ್ಯೆಯ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಇಂಥ ಪರಂಪರೆಯನ್ನು ನಾವು ಹೇಗೆ ಕಾಪಾಡಿದೆವು? ಹತ್ತು ವರ್ಷಗಳ ಅವಧಿಯಲ್ಲಿ ಈ ಒಂದೇ ನಗರದಲ್ಲಿ ನಡೆದ ಮೂರು ಸಂಗತಿಗಳು ಉತ್ತರವನ್ನು ಹೇಳುತ್ತವೆ. ಮೊದಲನೆಯದು ಶಾಲೆಯದಲ್ಲ, ಆದರೆ ಶಾಲೆಗಳಿಗೆಲ್ಲ ಎಚ್ಚರಿಕೆಯಾಗಬೇಕಾಗಿದ್ದುದು: 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ ತಿಂಗಳಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಎರಡನೆಯದು 2022ರ ಫೆಬ್ರವರಿಯಲ್ಲಿ. ಮಹಾರಾಣಿ ಬಾಲಿಕಾಶಾಲೆಯ ಪರಂಪರೆಗೆ ಸೇರಿದುದೆಂದು ಹೆಸರಾಗಿದ್ದ ಎನ್.ಟಿ.ಎಂ. ಶಾಲೆಯ ಕಟ್ಟಡವನ್ನು, ಬಹುಕಾಲ ನಡೆದ ಪ್ರತಿಭಟನೆಯ ನಡುವೆಯೂ, ಸ್ವಾಮಿ ವಿವೇಕಾನಂದರ ಸ್ಮಾರಕದ ನಿಮಿತ್ತ ಕೆಡವಲಾಯಿತು. ಮೂರನೆಯದು ಅದೇ ವರ್ಷದ ಅಕ್ಟೋಬರಿನಲ್ಲಿ. ಮಹಾರಾಣಿ ವಿಜ್ಞಾನ ಕಾಲೇಜಿನ, ನೂರು ವರ್ಷ ದಾಟಿದ ಕಟ್ಟಡದ ಒಂದು ಭಾಗವು ನೆಲಕ್ಕೊರಗಿತು. ಅಪಾಯದ ಗುರುತನ್ನು ಮೊದಲೇ ಕಂಡು ವಿದ್ಯಾರ್ಥಿನಿಯರನ್ನು ಒಳಗೆ ಬಿಡದಿದ್ದುದರಿಂದ ಪ್ರಾಣಹಾನಿಯಾಗಲಿಲ್ಲ.

ಎರಡನೆಯ ಸಂಗತಿಯ ವಿಷಯವಾಗಿ ಒಂದು ಮಾತು. 1892ರಲ್ಲಿ ಮೈಸೂರಿಗೆ ಬಂದಿದ್ದ ಸ್ವಾಮಿಗಳು ಸ್ತ್ರೀವಿದ್ಯೆಯ ಪಕ್ಷವನ್ನು ಎತ್ತಿಹಿಡಿದ ಮಹನೀಯರು. ಅವರ ನೆನಪಿಗೂ ಬಾಲಿಕೆಯರ ಶಾಲೆಗೂ ವಿರೋಧವುಂಟಾಗಬೇಕಾಗಿರಲಿಲ್ಲ. ಎರಡನ್ನೂ ಒಂದೇ ನಿವೇಶನದಲ್ಲಿ ಉಳಿಸಿಕೊಳ್ಳುವ ಉಪಾಯವನ್ನು ಕಾಣದೆ ಹೋದುದು ನಮ್ಮ ಕಾಲದ ಬಡತನವೆಂದೇ ನಮ್ಮ ಅಭಿಪ್ರಾಯ.

ಉಳಿದೆರಡು ಸಂಗತಿಗಳಲ್ಲಿ ತಪ್ಪನ್ನು ವಯಸ್ಸಿನ ಮೇಲೆ ಹೊರಿಸುವವರುಂಟು. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಯು ನೂರು ವರ್ಷಕ್ಕೆ ಸಾಯುವುದಿಲ್ಲ. ನೀರು ಒಳಸೇರಿದರೆ ಸಾಯುತ್ತದೆ. ಮಾಳಿಗೆಯ ನೀರುದೋಣಿಯಲ್ಲಿ ಎಲೆ ತುಂಬಿ ಮಳೆಯ ನೀರು ನಿಲ್ಲುವುದು. ನಿಂತ ನೀರು ತೊಲೆಯ ತುದಿಯನ್ನು ಗೋಡೆಯೊಳಗೇ ಕೊಳೆಯಿಸುವುದು. ಹಕ್ಕಿ ಹಾಕಿದ ಬೀಜದಿಂದ ಬಿರುಕಿನಲ್ಲಿ ಅರಳಿಯ ಸಸಿ ಹುಟ್ಟಿ ಅದರ ಬೇರು ಇಟ್ಟಿಗೆಯನ್ನು ಸೀಳುವುದು. ದುರಸ್ತಿಯೆಂದು ಸುಣ್ಣದ ಗೋಡೆಗೆ ಸಿಮೆಂಟನ್ನು ಮೆತ್ತಿದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲದೆ ಗೋಡೆಯು ಇನ್ನೂ ಬೇಗ ಸಡಿಲುವುದು. ಮಳೆಗಾಲಕ್ಕೆ ಮುಂಚೆ ಒಬ್ಬ ಆಳು ಏಣಿ ಹತ್ತಿ ಕಸ ತೆಗೆದು, ಸಸಿ ಕಿತ್ತು, ಬಿರುಕಿಗೆ ಸುಣ್ಣದ ಗಾರೆ ತುಂಬುವ ಕೆಲಸಕ್ಕೆ ಹೆಚ್ಚು ಹಣ ಬೇಡ. ಆ ಚಿಕ್ಕ ಕೆಲಸವನ್ನು ವರ್ಷವರ್ಷವೂ ಮುಂದೂಡಿದುದರ ಮೊತ್ತವೇ ಒಂದು ದಿನ ಕುಸಿತವೆಂಬ ಹೆಸರಿನಿಂದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಮಕ್ಕಳ ಪ್ರಾಣಕ್ಕಿಂತ ಗೋಡೆ ದೊಡ್ಡದೇ ಎಂದು ಪೋಷಕರು ಕೇಳಬಹುದು. ಖಂಡಿತವಾಗಿಯೂ ಅಲ್ಲ. ಅಪಾಯದ ಗುರುತು ಕಂಡ ಕೊಠಡಿಗೆ ಅಂದೇ ಬೀಗಹಾಕತಕ್ಕದ್ದು. ಆದರೆ ಬೀಗಹಾಕುವುದು ಬೇರೆ, ಕೆಡವುವುದು ಬೇರೆ. ಸುಣ್ಣ, ಇಟ್ಟಿಗೆ, ಮರಗಳ ಗುಣವನ್ನು ಬಲ್ಲ ಇಂಜಿನಿಯರರು ಪರೀಕ್ಷಿಸಿ ನುಡಿದ ಬಳಿಕವೇ ತೀರ್ಮಾನವಾಗಬೇಕು. ಹೊಸ ಪ್ರಯೋಗಶಾಲೆ, ನೀರಿನ ವ್ಯವಸ್ಥೆ, ಶೌಚಗೃಹ ಇವು ಇಂದಿನ ಬಾಲಿಕೆಯರಿಗೆ ಅವಶ್ಯ. ಅವನ್ನು ಹಳೆಯ ಕಟ್ಟಡದ ಹೊಟ್ಟೆಯನ್ನು ಬಗೆಯದೆ ಪಕ್ಕದಲ್ಲಿ ಕಟ್ಟಬಹುದು. ಹಾಗೂ ಕೆಡವಲೇಬೇಕಾಗಿ ಬಂದರೆ, ಅಳತೆಯ ನಕ್ಷೆಯನ್ನೂ ಛಾಯಾಚಿತ್ರಗಳನ್ನೂ ದಾಖಲೆಪುಸ್ತಕಗಳನ್ನೂ ಮೊದಲು ಭದ್ರಪಡಿಸಬೇಕು.

ಇದರಲ್ಲಿ ಸರಕಾರದ ಹೊಣೆ ದೊಡ್ಡದು. ಆದರೆ ಹಳೆಯ ವಿದ್ಯಾರ್ಥಿನಿಯರ ಹೊಣೆ ಚಿಕ್ಕದೆಂದು ನಾವು ಎಣಿಸುವುದಿಲ್ಲ. ತಾವು ಓದಿದ ಶಾಲೆ ಯಾವ ಊರಿನದಾದರೂ ಆಗಲಿ, ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ನಾಲ್ಕು ಮಂದಿ ಕೂಡಿ ಅಲ್ಲಿಗೆ ಹೋಗಲಿ. ಮಾಳಿಗೆಯನ್ನೂ ಗೋಡೆಯನ್ನೂ ನೋಡಲಿ; ಕಂಡುದನ್ನು ಬರೆದು ಮುಖ್ಯೋಪಾಧ್ಯಾಯಿನಿಯವರಿಗೂ ಇಲಾಖೆಯವರಿಗೂ ಒಪ್ಪಿಸಲಿ; ಶಕ್ತಿಯುಳ್ಳವರು ಒಂದು ದಿನದ ಗಾರೆಕೆಲಸದ ಕೂಲಿಯನ್ನು ಕೊಡಲಿ. ವಾರ್ಷಿಕೋತ್ಸವದಲ್ಲಿ ಹಾರ ಹಾಕಿ ಭಾಷಣ ಕೇಳುವುದಕ್ಕಿಂತ ಇದು ಮೇಲಾದ ಕೃತಜ್ಞತೆ.

ತಾಯಿ ಓದಿದ ಕೊಠಡಿಯಲ್ಲಿ ಮಗಳು ಕುಳಿತು ಓದುವುದು ಎಲ್ಲ ಊರಿಗೂ ಒದಗುವ ಭಾಗ್ಯವಲ್ಲ. ಒದಗಿರುವ ಊರುಗಳಾದರೂ ಅದನ್ನು ಮಳೆನೀರಿನ ಪಾಲುಮಾಡದಿರಲಿ ಎಂಬುದೇ ನಮ್ಮ ಬಿನ್ನಹ.