ಬ್ರಾ ಅಂದ್ರೆ ಶೋಕಿನಾ?



ನಮ್ಮ ಸಾಸಲಿನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯ್ತು. ಬಿಪಿಎಲ್ ಕಾರ್ಡಿತ್ತು, ಕೊಯ್ದರು, ಹೊಲಿದರು, ಕಳಿಸಿದರು. ಮುಂದೆ ಏನು ಹಾಕ್ಕೋಬೇಕು ಅಂತ ಒಬ್ಬರೂ ಹೇಳಲಿಲ್ಲ. ಕಂಕುಳಿನ ಗಂಟನ್ನೂ ತೆಗೆದಿದ್ದಾರೆ, ಕೈ ಹಿಂದಿನ ಹುಕ್ಕಿಗೆ ಹೋಗಲ್ಲ. ಹಳೇ ಎಲಾಸ್ಟಿಕ್ಕು ಗಾಯಕ್ಕೆ ಉಜ್ಜುತ್ತೆ. ಬಟ್ಟೆ ಉಂಡೆ ತುರುಕಿ, ಸೆರಗು ಬಿಗಿದು ಕೂಲಿಗೆ ಹೋಗ್ತಾಳೆ.

ಬೇಕಿರೋದು ಇಷ್ಟೇ: ಮುಂದೆ ಹುಕ್ಕು, ತಂತಿಯಿಲ್ಲದ ಮೆತ್ತನೆ ಹತ್ತಿಬಟ್ಟೆ, ಅಗಲ ಪಟ್ಟಿ, ಗಾಯ ಆರಿದ ಮೇಲೆ ಕೃತಕ ಸ್ತನ ಇಡೋಕೆ ಒಳಗೊಂದು ಜೇಬು. ಒಂದು ಕಡೆ ಭಾರ ತಪ್ಪಿದರೆ ಭುಜ, ಬೆನ್ನು ನೋಯುತ್ತೆ. ಇದನ್ನ ನಾನು ಕೇಳಿದ್ದಕ್ಕೆ ಆಸ್ಪತ್ರೆ ಗುಮಾಸ್ತ "ಶೋಕಿಗೆಲ್ಲ ದುಡ್ಡು ಬರಲ್ಲಮ್ಮ" ಅಂದ. ಕಾಲು ಕಳಕೊಂಡವನು ಕೃತಕ ಕಾಲು ಕೇಳಿದ್ರೆ ಹಿಂಗಂತಿದ್ನಾ?

ತಿರುವಾಂಕೂರಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳೋ ಹಕ್ಕಿಗೆ ದಶಕಗಟ್ಟಲೆ ಬಡಿದಾಡಿದ ಮೇಲೆ 1859ರಲ್ಲಿ ರಾಜನ ಆದೇಶ ಬಂತು. ಆ ಕಥೆನ ಹೆಮ್ಮೆಯಿಂದ ಶೇರ್ ಮಾಡೋ ನಮ್ಮ ಅಣ್ಣಂದಿರೇ ಸಭೇಲಿ ಬ್ರಾ ಅಂದ್ರೆ ನೆಲ ನೋಡ್ತಾರೆ!

ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಲ್ಲಿ ಊರೂರಿನ ಬಟ್ಟೆ ಹೊಲಿಯೋರು ನಮ್ಮ ಹೆಣ್ಮಕ್ಕಳು. ಇದೊಂದು ಹೊಲಿಸೋಕೆ ಸರ್ಕಾರಕ್ಕೇನು ಧಾಡಿ? ಆಪರೇಷನ್ ಜೊತೆಗೇ ಎರಡು ಬ್ರಾ, ಒಂದು ಕೃತಕ ಸ್ತನ ಕೊಡಿ ಅಂತ ತಾಲ್ಲೂಕು ಆರೋಗ್ಯಾಧಿಕಾರಿಗೆ ಸೋಮವಾರ ಮನವಿ ಕೊಡ್ತಿದ್ದೀವಿ. ಅಣ್ಣಂದಿರೂ ಬನ್ನಿ.