ಉಸಿರಿಗೆ ಮಿತಿ, ಉತ್ಸಾಹಕ್ಕಿಲ್ಲ

ಹನ್ನೆರಡರ ಹುಡುಗನಿಗೆ ಕೀಲುವಾತದ ಜ್ವರ ಬಂತು. ಜ್ವರವೇನೋ ಇಳಿಯಿತು, ಹೃದಯದ ದೋಷ ಉಳಿಯಿತು. ಮುಂದೆ ಬಂದ ಟೈಫಾಯ್ಡ್ ಅವನನ್ನು ಇನ್ನಷ್ಟು ಬಳಲಿಸಿತು. ಇಂಥ ಹುಡುಗ ಆರಿಸಿಕೊಂಡ ವಾದ್ಯ ಯಾವುದು ಗೊತ್ತೆ? ಎದೆಯುಸಿರನ್ನೆಲ್ಲ ಬೇಡುವ ಟ್ರಂಪೆಟ್! ಆತನೇ ಫ್ರಾನ್ಸಿನ ಬೋರಿಸ್ ವಿಯಾನ್.

ವಿಯಾನ್ ಹುಟ್ಟಿದ್ದು 1920ರ ಮಾರ್ಚ್ 10ರಂದು, ಪ್ಯಾರಿಸ್ ಸಮೀಪದ ವಿಲ್ ದಾವ್ರೆಯಲ್ಲಿ. ಓದಿನಲ್ಲಿ ಚುರುಕು. ಹೆಸರಾಂತ ಎಕೋಲ್ ಸಾಂತ್ರಾಲ್‌ನಲ್ಲಿ ಕಲಿತು 1942ರಲ್ಲಿ ಎಂಜಿನಿಯರ್ ಆದ. ವಸ್ತುಗಳಿಗೆ ಅಳತೆ, ಗುಣಮಟ್ಟ ಗೊತ್ತುಪಡಿಸುವ ಸಂಸ್ಥೆಯಲ್ಲಿ ಕೆಲಸವೂ ಸಿಕ್ಕಿತು. ಹಗಲು ಗಾಜಿನ ಸಾಮಾನುಗಳ ಲೆಕ್ಕ, ರಾತ್ರಿ ಕ್ಲೋಡ್ ಅಬಾದಿಯ ತಂಡದಲ್ಲಿ ಜಾಝ್ ಸಂಗೀತ. ಕಚೇರಿಯ ಬೇಸರ ಕಳೆಯಲು ಬೈಗುಳಗಳಿಗೂ ಒಂದು 'ಪ್ರಮಾಣಿತ ಪಟ್ಟಿ' ತಯಾರಿಸಿದ ತುಂಟ ಆತ.

1946ರಲ್ಲಿ ಆತ ಬರೆದ ಕಾದಂಬರಿ 'ಲೆಕ್ಯೂಮ್ ದೆ ಝೂರ್', ಅಂದರೆ ದಿನಗಳ ನೊರೆ. ಬರೆದದ್ದು ಆ ಹಳೆಯ ಕಚೇರಿಯ ಮುದ್ರಿತ ಹಾಳೆಗಳ ಹಿಂಬದಿಯಲ್ಲಿ! ಅದರಲ್ಲೊಂದು ವಿಚಿತ್ರ ಪಿಯಾನೊ: ನುಡಿಸಿದ ರಾಗಕ್ಕೆ ತಕ್ಕ ಪಾನೀಯ ತಾನೇ ಬೆರೆಸಿಕೊಡುತ್ತದೆ. ಆದರೆ ಕತೆ ನಗೆಯಲ್ಲಿ ಮುಗಿಯುವುದಿಲ್ಲ. ನಾಯಕಿ ಕ್ಲೋಯೆಯ ಶ್ವಾಸಕೋಶದಲ್ಲಿ ನೈದಿಲೆಯೊಂದು ಬೆಳೆಯುತ್ತದೆ. ಉಸಿರಿನ ಬೆಲೆ ಬಲ್ಲವನಿಗಷ್ಟೇ ಹೊಳೆಯುವ ಕಲ್ಪನೆ ಇದು.

1947ರಲ್ಲಿ ಅದು ಅಚ್ಚಾದಾಗ ಕೊಂಡವರು ಕಡಿಮೆ. ಅದೇ ಆತ ವರ್ನನ್ ಸಲಿವನ್ ಎಂಬ ಸುಳ್ಳು ಅಮೆರಿಕನ್ ಹೆಸರಿನಲ್ಲಿ 1946ರಲ್ಲಿ ಹೊರತಂದ ರೋಚಕ ಕಾದಂಬರಿ ಬಿಸಿ ದೋಸೆಯಂತೆ ಖರ್ಚಾಯಿತು. ಜೊತೆಗೆ ಕೋರ್ಟು, ದಂಡವನ್ನೂ ತಂದಿತು.

ಕೊನೆಗೆ ಹೃದಯ ಹಟ ಹಿಡಿಯಿತು. ವಿಯಾನ್ ಟ್ರಂಪೆಟ್ ಕೆಳಗಿಟ್ಟ, ಸಂಗೀತ ಬಿಡಲಿಲ್ಲ. ಜಾಝ್ ವಿಮರ್ಶೆ ಬರೆದ, ಗೀತನಾಟಕ ರಚಿಸಿದ, ಫಿಲಿಪ್ಸ್ ಧ್ವನಿಮುದ್ರಿಕೆ ಕಂಪನಿಯಲ್ಲಿ ದುಡಿದ, ರೇಮಂಡ್ ಚಾಂಡ್ಲರನ ಪತ್ತೇದಾರಿ ಕಾದಂಬರಿಗಳನ್ನು ಅನುವಾದಿಸಿದ. ನೂರಾರು ಹಾಡು ಕಟ್ಟಿದ. ಯುದ್ಧಕ್ಕೆ ಹೋಗಲಾರೆನೆನ್ನುವ 'ಲೆ ದೆಸೆರ್ತರ್' ಹಾಡನ್ನು ಮುಲೂಜಿ ಎಂಬ ಗಾಯಕ ಮೊದಲು ಹಾಡಿದ್ದು 1954ರ ಮೇ 7ರಂದು. ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚ್ ಸೇನೆ ಸೋತದ್ದೂ ಅದೇ ದಿನ. ರೇಡಿಯೊದಲ್ಲಿ ಹಾಡಿಗೆ ನಿಷೇಧ ಬಿತ್ತು.

1959ರ ಜೂನ್ 23. ಸಲಿವನ್ ಹೆಸರಿನ ಆ ಕಾದಂಬರಿ ಸಿನಿಮಾ ಆಗಿತ್ತು. ಅದು ತನಗೊಪ್ಪದೆ ತನ್ನ ಹೆಸರು ತೆಗೆಯಿರಿ ಎಂದಿದ್ದ ವಿಯಾನ್, ಪ್ಯಾರಿಸ್ಸಿನಲ್ಲಿ ಅದರ ಪೂರ್ವಪ್ರದರ್ಶನ ನೋಡುತ್ತಿರುವಾಗಲೇ ಕುಸಿದ. ಆಗ ವಯಸ್ಸು 39.

ಕೆಲವೇ ವರ್ಷಗಳಲ್ಲಿ, 1960ರ ದಶಕದಲ್ಲಿ, ಫ್ರಾನ್ಸಿನ ವಿದ್ಯಾರ್ಥಿಗಳು 'ದಿನಗಳ ನೊರೆ'ಯನ್ನು ಹುಡುಕಿ ಹುಡುಕಿ ಓದತೊಡಗಿದರು. 2013ರಲ್ಲಿ ಮಿಶೆಲ್ ಗೊಂದ್ರಿ ಅದನ್ನು ಸಿನಿಮಾ ಮಾಡಿದ. ಎಂಜಿನಿಯರಿಂಗ್ ಓದುವ ಮಗ ಕತೆ ಗೀಚುತ್ತಾನೆಂದು ಕಳವಳಪಡುವ ಮನೆಗಳಲ್ಲಿ ಈ ಬದುಕನ್ನೊಮ್ಮೆ ನೆನೆಯಬಹುದು. ವಿಯಾನ್‌ಗೆ ಕಾಲ ಕಡಿಮೆಯಿತ್ತು. ಆತ ಅದನ್ನು ಹಾಳುಮಾಡಲಿಲ್ಲ.