ಹೆರಿಗೆ ದಾಖಲೆಯಲ್ಲೇ ಹೃದ್ರೋಗದ ಸುಳಿವು

ಹೃದ್ರೋಗ, ಮಧುಮೇಹದ ಅಪಾಯವನ್ನು ಅಂದಾಜಿಸಲು ವೈದ್ಯರು ಸಾಮಾನ್ಯವಾಗಿ ರಕ್ತದ ಕೊಲೆಸ್ಟರಾಲ್, ಸಕ್ಕರೆ ಪ್ರಮಾಣವನ್ನು ಆಶ್ರಯಿಸುತ್ತಾರೆ. ಅದಕ್ಕೂ ಬಹಳ ಮೊದಲೇ ದೊರೆಯುವ ಸೂಚಕವೊಂದನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳು ತೋರಿಸಿಕೊಟ್ಟಿವೆ. ಅದೇ ಜನನತೂಕ.

ಅಲ್ಲಿ 1934ರಿಂದ 1954ರ ನಡುವೆ ಜನಿಸಿದ 517 ಮಂದಿಯ ತಪಾಸಣೆಯ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಹುಟ್ಟುವಾಗ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗವಿತ್ತು. ಅತಿ ಹೆಚ್ಚು ತೂಕದ ಗುಂಪಿನಲ್ಲಿ ಈ ಪ್ರಮಾಣ ಶೇ 3 ಮಾತ್ರ.

ಮಧುಮೇಹದ ಲೆಕ್ಕಾಚಾರವೇ ಬೇರೆ. 1998ರ ವರದಿಯ ಪ್ರಕಾರ, ಹುಟ್ಟುವಾಗ ಗಿಡ್ಡಗೆ, ದುಂಡಗಿದ್ದವರಲ್ಲಿ ಹಾಗೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಅದು ಅಧಿಕ. ಆದ್ದರಿಂದ ಶಿಶುವಿನ ತೂಕ ಹೆಚ್ಚಿಸುವುದೊಂದೇ ಪರಿಹಾರವಲ್ಲ. ಗರ್ಭಿಣಿಗೆ ಪೌಷ್ಟಿಕ ಆಹಾರದಷ್ಟೇ ಸಕ್ಕರೆ ಪರೀಕ್ಷೆಯೂ ಅಗತ್ಯ. ಮುಂದಿನ ಪೀಳಿಗೆಯ ಹೃದಯರಕ್ಷಣೆ ಹೆರಿಗೆಗೂ ಮುನ್ನವೇ ಆರಂಭವಾಗಬೇಕಿದೆ.